ಹಲ್ಲುಗಳ ಲೆಕ್ಕ
ದಂತಸಂಶೋಧನೆಯ ಅಂಕಿಗಳನ್ನು ಓದುವ ಬಗೆ

ಬೆಂಗಳೂರಿನಿಂದ ಬಂಗಾರಪೇಟೆಯ ಕಡೆಗೆ ಹೋಗುವ ರೈಲು ಮಾಲೂರನ್ನು ದಾಟಿ ಮುಂದುವರಿದರೆ ಟೇಕಲ್ ನಿಲ್ದಾಣವು ಬರುತ್ತದೆ. ಸುತ್ತಲೂ ಬೋಳು ಗುಡ್ಡಗಳು. ಯಾರೋ ಒಂದರ ಮೇಲೊಂದನ್ನು ಪೇರಿಸಿಟ್ಟಂತೆ ಕಾಣುವ ಹೆಬ್ಬಂಡೆಗಳು. ಈ ಬಂಡೆಯನ್ನು ಸೀಳಿ ಕಂಬ ಚಪ್ಪಡಿಗಳನ್ನು ಮಾಡುವುದು ಈ ಕಡೆಯ ಜನರಿಗೆ ಪರಿಚಿತವಾದ ಕಸುಬು. ಕಣ್ಣಿಗೆ ಕಾಣುವ ಈ ಕಲ್ಲೇ ನೆಲದಡಿಯಲ್ಲಿಯೂ ಹಬ್ಬಿಕೊಂಡಿದೆ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಅದಕ್ಕೆಂದೇ ಹಿಂದಿನವರು ಸಾಲುಸಾಲಾಗಿ ಕೆರೆಗಳನ್ನು ಕಟ್ಟಿದರು. ಕೆರೆಗಳಲ್ಲಿ ನೀರು ನಿಲ್ಲದಂತಾಗಿ ತೆರೆದ ಬಾವಿಗಳೂ ಬತ್ತಿದ ಮೇಲೆ ಜನರು ಕೊಳವೆಬಾವಿಗಳನ್ನು ಕೊರೆದರು; ಇಂದು ಎಷ್ಟೋ ಕಡೆ ಸಾವಿರ ಅಡಿಗಿಂತ ಕೆಳಗೆ ಹೋಗದೆ ನೀರು ಸಿಕ್ಕುವುದಿಲ್ಲ.

ಇಂತಹ ನೀರು ಮಕ್ಕಳ ಹಲ್ಲುಗಳ ಮೇಲೆ ಯಾವ ಪರಿಣಾಮವನ್ನು ಮಾಡುತ್ತದೆ? ಈ ಪ್ರಶ್ನೆಗೆ ಉತ್ತರವನ್ನು ಕೊಡುವವರು ದಂತವೈದ್ಯರು. ಅವರು ಶಾಲೆಗಳಿಗೆ ಹೋಗಿ ಮಕ್ಕಳ ಬಾಯಿಗಳನ್ನು ಪರೀಕ್ಷಿಸಿ ವರದಿಯೊಂದನ್ನು ಬರೆಯುತ್ತಾರೆ. ವರದಿಯಲ್ಲಿ ಶೇಕಡಾವಾರು ಅಂಕಿಗಳು, ಸರಾಸರಿಗಳು, ‘ಗಣನೀಯ ಅಂತರ’, ‘ಗಣನೀಯವಲ್ಲದ ಅಂತರ’ ಎಂಬ ತೀರ್ಮಾನಗಳು ಇರುತ್ತವೆ. ಆ ವರದಿಯನ್ನು ಓದಿದ ಅಧಿಕಾರಿಯು ಒಂದು ಹಳ್ಳಿಯ ಕೊಳವೆಬಾವಿಯನ್ನು ಮುಚ್ಚಿಸಬಹುದು, ಶುದ್ಧಜಲ ಘಟಕವನ್ನು ಮಂಜೂರು ಮಾಡಬಹುದು, ಅಥವಾ ‘ಇಲ್ಲಿ ತೊಂದರೆಯೇನೂ ಇಲ್ಲ’ ಎಂದು ಕಡತವನ್ನು ಮುಚ್ಚಬಹುದು. ಆದುದರಿಂದ ಅಂಕಿಗಳನ್ನು ಹೇಗೆ ಬರೆಯುತ್ತಾರೆ ಎಂಬುದು ಪಂಡಿತರಿಗೆ ಮಾತ್ರ ಸೇರಿದ ವಿಷಯವಾಗಿ ಉಳಿಯುವುದಿಲ್ಲ. ಒಂದು ಊರಿನ ಮಕ್ಕಳು ನಾಳೆ ಯಾವ ನೀರನ್ನು ಕುಡಿಯುವರೆಂಬುದೂ ಅದನ್ನೇ ಅವಲಂಬಿಸಿರುತ್ತದೆ.

ಬಂಡೆಯಿಂದ ಹಲ್ಲಿಗೆ

ಬೆಣಚುಕಲ್ಲಿನ ಜಾತಿಯ ಗಟ್ಟಿಬಂಡೆಗಳಲ್ಲಿ ಅಭ್ರಕ, ಅಪಟೈಟ್, ಫ್ಲೋರೈಟ್ ಮೊದಲಾದ ಖನಿಜಗಳು ಇರುತ್ತವೆ. ಇವುಗಳಲ್ಲಿ ಫ್ಲೋರೀನ್ ಎಂಬ ಮೂಲವಸ್ತುವು ಅಡಗಿರುತ್ತದೆ. ಬಂಡೆಯ ಬಿರುಕುಗಳಲ್ಲಿ ನೀರು ದೀರ್ಘಕಾಲ ನಿಂತಾಗ ಫ್ಲೋರೈಡ್ ಸ್ವಲ್ಪಸ್ವಲ್ಪವಾಗಿ ಅದರಲ್ಲಿ ಕರಗುತ್ತದೆ. ನೀರು ಕ್ಷಾರೀಯವಾಗಿದ್ದು ಅದರಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದರೆ ಕರಗುವ ಪ್ರಮಾಣವು ಹೆಚ್ಚುತ್ತದೆ. ಭಾರತೀಯ ಮಾನಕ ಸಂಸ್ಥೆಯು ಕುಡಿಯುವ ನೀರಿನ ಒಂದು ಲೀಟರಿನಲ್ಲಿ 1 ಮಿಲಿಗ್ರಾಂ ಫ್ಲೋರೈಡನ್ನು ಒಪ್ಪತಕ್ಕ ಮಿತಿಯೆಂದೂ, ಬೇರೆ ನೀರು ದೊರೆಯದ ಕಡೆ 1.5 ಮಿಲಿಗ್ರಾಂವರೆಗೆ ಸಹಿಸಬಹುದೆಂದೂ ಗೊತ್ತುಪಡಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ 1.5 ಮಿಲಿಗ್ರಾಂ. ಕೋಲಾರ ಜಿಲ್ಲೆಯ ಅನೇಕ ಕೊಳವೆಬಾವಿಗಳ ನೀರು ಈ ಮಿತಿಯನ್ನು ಮೀರಿರುವುದು ಕಂಡುಬಂದಿದೆ.

ಹಲ್ಲಿನ ಹೊರಗವಚವಾದ ಎನಾಮೆಲ್ ರೂಪುಗೊಳ್ಳುತ್ತಿರುವಾಗ ದೇಹಕ್ಕೆ ಫ್ಲೋರೈಡ್ ಹೆಚ್ಚಾಗಿ ಸೇರಿದರೆ ಆ ಕವಚದ ರಚನೆಯು ಕೆಡುತ್ತದೆ. ಮೊದಲು ಸುಣ್ಣದಂತಹ ಬಿಳಿಯ ಗೆರೆಗಳು, ಹೆಚ್ಚಾದಲ್ಲಿ ಕಂದು ಕಲೆಗಳು, ಇನ್ನೂ ಹೆಚ್ಚಾದಲ್ಲಿ ಸಣ್ಣ ಗುಳಿಗಳು ಕಾಣಿಸುತ್ತವೆ. ಇದಕ್ಕೆ ದಂತ ಫ್ಲೋರೋಸಿಸ್ ಎಂದು ಹೆಸರು. ಮುಂಭಾಗದ ಶಾಶ್ವತ ಬಾಚಿಹಲ್ಲುಗಳ ಕವಚವು ಮಗುವಿಗೆ ಸುಮಾರು 4-5 ವರ್ಷವಾಗುವ ಹೊತ್ತಿಗೆ ಪೂರ್ಣವಾಗುತ್ತದೆ. ಆದರೆ ಆ ಹಲ್ಲುಗಳು ಒಸಡಿನಿಂದ ಹೊರಬರುವುದು 6-8ನೆಯ ವರ್ಷಗಳಲ್ಲಿ. ಆದುದರಿಂದ 12 ವರ್ಷದ ಹುಡುಗನ ಮುಂಬಲ್ಲಿನ ಕಲೆಯು ಅವನು ಇಂದು ಕುಡಿಯುತ್ತಿರುವ ನೀರಿನ ಕಥೆಯನ್ನು ಹೇಳುವುದಿಲ್ಲ. ಅದು ಅವನು ಅಂಬೆಗಾಲಿಡುತ್ತಿದ್ದಾಗ ಕುಡಿದ ನೀರಿನ ಸಾಕ್ಷಿ. ಆ ಹುಡುಗನ ಮನೆಯವರು ಕಳೆದ ವರ್ಷ ಬೇರೆ ಜಿಲ್ಲೆಯಿಂದ ಕೂಲಿಗಾಗಿ ಬಂದು ನೆಲೆಸಿದವರಾದರೆ, ಈ ಊರಿನ ಬಾವಿಗೂ ಅವನ ಹಲ್ಲಿಗೂ ಸಂಬಂಧವಿಲ್ಲ. ಇಂತಹ ಮಕ್ಕಳನ್ನು ಲೆಕ್ಕದಲ್ಲಿ ಸೇರಿಸಿದರೋ ಬಿಟ್ಟರೋ ಎಂಬುದನ್ನು ವರದಿಯು ಮೊದಲ ಪುಟದಲ್ಲಿಯೇ ತಿಳಿಸತಕ್ಕದ್ದು.

ಊರೂರನ್ನು ಹೋಲಿಸಿದ ವೈದ್ಯರು

ಈ ರೋಗದ ತಿಳಿವಳಿಕೆಯು ಹುಟ್ಟಿದ್ದೇ ಲೆಕ್ಕದಿಂದ. ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ 1901ರಲ್ಲಿ ಬಂದ ಫ್ರೆಡರಿಕ್ ಮೆಕೇ ಎಂಬ ಯುವ ದಂತವೈದ್ಯರು ಅಲ್ಲಿ ಹುಟ್ಟಿ ಬೆಳೆದವರ ಹಲ್ಲುಗಳಲ್ಲಿ ಕಂದು ಕಲೆಗಳನ್ನು ಕಂಡರು. ಕಾರಣವು ನೀರಿನಲ್ಲಿರಬೇಕೆಂದು ಅವರು ಊಹಿಸಿದರು. ಆ ಕಾರಣವು ಫ್ಲೋರೈಡ್ ಎಂದು ಗೊತ್ತಾದದ್ದು 1931ರಲ್ಲಿ, ರಸಾಯನಶಾಸ್ತ್ರಜ್ಞರಾದ ಚರ್ಚಿಲ್ ಅವರು ನೀರನ್ನು ಸೂಕ್ಷ್ಮವಾಗಿ ವಿಶ್ಲೇಷಿಸಿದಾಗ. ನಮ್ಮ ದೇಶದಲ್ಲಿ, ಅಂದಿನ ಮದರಾಸು ಪ್ರಾಂತದ ನೆಲ್ಲೂರು ಸೀಮೆಯಲ್ಲಿ ಈ ರೋಗವಿರುವುದನ್ನು ವೈದ್ಯರು 1937ರಲ್ಲಿ ವರದಿ ಮಾಡಿದರು.

ಅನಂತರ ಟ್ರೆಂಡ್ಲಿ ಡೀನ್ ಎಂಬ ವಿಜ್ಞಾನಿಯು ಅಮೆರಿಕದ 4 ರಾಜ್ಯಗಳ 21 ನಗರಗಳಲ್ಲಿ 12ರಿಂದ 14 ವರ್ಷದ 7,257 ಮಕ್ಕಳನ್ನು ಪರೀಕ್ಷಿಸಿದ ಫಲಗಳನ್ನು ಒಟ್ಟುಗೂಡಿಸಿ 1942ರಲ್ಲಿ ಪ್ರಕಟಿಸಿದರು. ಲೀಟರಿಗೆ ಸುಮಾರು 1 ಮಿಲಿಗ್ರಾಂ ಫ್ಲೋರೈಡ್ ಇರುವ ಕಡೆ ಹುಳುಕುಹಲ್ಲು ಬಹಳ ಕಡಿಮೆಯಾಗಿಯೂ ಕಲೆಯು ಅತ್ಯಲ್ಪವಾಗಿಯೂ ಇರುವುದು ತಿಳಿದುಬಂತು. ಮಿತಿಯಲ್ಲಿ ಹಿತ, ಮಿತಿಮೀರಿದರೆ ಅಹಿತ ಎಂಬ ಈ ಅರಿವು ಒಬ್ಬಿಬ್ಬರ ಬಾಯಿಯನ್ನು ನೋಡಿದ ಮಾತ್ರಕ್ಕೆ ದೊರೆಯುವಂತಹುದಲ್ಲ. ಊರಿಗೂ ಊರಿಗೂ ಹೋಲಿಕೆ ಮಾಡಿ, ಅಂಕಿಗಳನ್ನು ಸಾಲಾಗಿ ಜೋಡಿಸಿದಾಗಲೇ ಅದು ಕಾಣಿಸಿತು. ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿಯೂ ಇದೇ ದಾರಿಯನ್ನು ಅನುಸರಿಸಿ, ನೀರಿನ ಫ್ಲೋರೈಡ್ ಬೇರೆಬೇರೆಯಾಗಿರುವ ಪ್ರದೇಶಗಳ ಜನರ ಹಲ್ಲುಗಳನ್ನು ಹೋಲಿಸಬಹುದು.

ಅಂಕಿಗಳು ಇಷ್ಟು ಉಪಕಾರಿಗಳಾಗಿದ್ದರೂ ಅವನ್ನು ವರದಿ ಮಾಡುವ ರೀತಿಯಲ್ಲಿ ಕೆಲವು ಬಲೆಗಳಿವೆ. ಅವನ್ನು ಒಂದೊಂದಾಗಿ ನೋಡೋಣ. ಇಲ್ಲಿಂದ ಮುಂದೆ ಲೆಕ್ಕಕ್ಕಾಗಿ ತೆಗೆದುಕೊಳ್ಳುವ ಹಳ್ಳಿಗಳೂ ಮಕ್ಕಳೂ ಉದಾಹರಣೆಗಾಗಿ ಕಲ್ಪಿಸಿಕೊಂಡವು. ಓದುಗರು ಕಾಗದ ಪೆನ್ಸಿಲುಗಳನ್ನು ಹಿಡಿದು ಲೆಕ್ಕವನ್ನು ತಾವೇ ಮಾಡಿ ನೋಡಬಹುದು.

ಕಲೆಗೆ ಅಂಕ ಕೊಡುವುದು ಹೇಗೆ?

ಡೀನ್ ಅವರು ಕಲೆಯ ತೀವ್ರತೆಯನ್ನು 6 ದರ್ಜೆಗಳಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ಒಂದು ಅಂಕವನ್ನು ಕೊಟ್ಟರು: ಸಹಜ 0, ಸಂದೇಹಾಸ್ಪದ 0.5, ಅತಿ ಸೌಮ್ಯ 1, ಸೌಮ್ಯ 2, ಮಧ್ಯಮ 3, ತೀವ್ರ 4. ಒಂದು ಶಾಲೆಯ 100 ಮಕ್ಕಳಲ್ಲಿ 50 ಮಂದಿ ಸಹಜ, 20 ಮಂದಿ ಸಂದೇಹಾಸ್ಪದ, 15 ಮಂದಿ ಅತಿ ಸೌಮ್ಯ, 8 ಮಂದಿ ಸೌಮ್ಯ, 5 ಮಂದಿ ಮಧ್ಯಮ, 2 ಮಂದಿ ತೀವ್ರ ದರ್ಜೆಯವರೆಂದು ಇಟ್ಟುಕೊಳ್ಳೋಣ. ಈ ಶಾಲೆಯಲ್ಲಿ ಫ್ಲೋರೋಸಿಸ್ ಎಷ್ಟಿದೆ?

ಸಂದೇಹಾಸ್ಪದರನ್ನೂ ಸೇರಿಸಿದರೆ ಶೇಕಡ 50. ಅವರನ್ನು ಬಿಟ್ಟರೆ ಶೇಕಡ 30. ಸೌಮ್ಯದಿಂದ ಮೇಲಿನವರನ್ನು ಮಾತ್ರ ಎಣಿಸಿದರೆ ಶೇಕಡ 15. ಮಧ್ಯಮ ಮತ್ತು ತೀವ್ರ ದರ್ಜೆಗಳಷ್ಟೇ ರೋಗವೆಂದರೆ ಶೇಕಡ 7. ಮಕ್ಕಳು ಅವರೇ, ಹಲ್ಲುಗಳು ಅವೇ. ಉತ್ತರ ಮಾತ್ರ ನಾಲ್ಕು ಬಗೆ! ಭಯಪಡಿಸಬೇಕೆಂದವನು ಮೊದಲನೆಯದನ್ನೂ, ಸಮಾಧಾನಪಡಿಸಬೇಕೆಂದವನು ಕೊನೆಯದನ್ನೂ ಆರಿಸಿಕೊಳ್ಳಬಹುದು. ಇಬ್ಬರೂ ಸುಳ್ಳು ಹೇಳಿದಂತಾಗದು. ಇದಕ್ಕಾಗಿಯೇ ಯಾವ ದರ್ಜೆಯಿಂದ ಎಣಿಸಲಾಯಿತೆಂಬುದನ್ನು ಬರೆಯದ ಶೇಕಡಾವಾರು ಅಂಕಿಗೆ ಬೆಲೆಯಿಲ್ಲ. ಎಲ್ಲ ದರ್ಜೆಗಳ ಎಣಿಕೆಯನ್ನೂ ಒಂದು ಪಟ್ಟಿಯಲ್ಲಿ ಕೊಡುವುದೇ ಮೇಲು. ಡೀನ್ ಅವರು ಅಂಕಗಳ ಸರಾಸರಿಯನ್ನು ‘ಸಮುದಾಯ ಫ್ಲೋರೋಸಿಸ್ ಸೂಚ್ಯಂಕ’ವೆಂದು ಕರೆದು, ಅದು 0.6ನ್ನು ಮೀರಿದರೆ ಸಾರ್ವಜನಿಕ ಆರೋಗ್ಯದ ಸಮಸ್ಯೆಯೆಂದು ಭಾವಿಸಬೇಕೆಂದರು. ನಮ್ಮ ಶಾಲೆಯ ಮೊತ್ತ 10+15+16+15+8, ಎಂದರೆ 64. ಅದನ್ನು 100ರಿಂದ ಭಾಗಿಸಿದರೆ ಸೂಚ್ಯಂಕವು 0.64. ಶೇಕಡ 7 ಎಂಬ ಅಂಕಿಯನ್ನು ಓದಿ ನಿರಾಳವಾಗಿದ್ದವರು ಇದನ್ನು ಕಂಡು ಎಚ್ಚರಗೊಳ್ಳಬೇಕಾಗುತ್ತದೆ.

ಅಂಕ ಕೊಡುವವನ ಕಣ್ಣನ್ನೂ ಪರೀಕ್ಷಿಸಬೇಕು. ಎಲೆಯಡಿಕೆಯ ಕರೆ, ಹಲ್ಲಿನ ಕಿಟ್ಟ, ಹುಳುಕಿನ ಆರಂಭದ ಬಿಳಿಚುಕ್ಕೆ, ಇವೆಲ್ಲ ಫ್ಲೋರೋಸಿಸ್‌ನಂತೆ ಕಾಣಬಹುದು. ಆದುದರಿಂದ ಇಬ್ಬರು ವೈದ್ಯರು ಅದೇ ಮಕ್ಕಳನ್ನು ಬೇರೆಬೇರೆಯಾಗಿ ಪರೀಕ್ಷಿಸಿ ತಮ್ಮ ಒಮ್ಮತವನ್ನು ವರದಿ ಮಾಡುವ ಪದ್ಧತಿಯಿದೆ. ‘100ರಲ್ಲಿ 90 ಮಕ್ಕಳ ವಿಷಯದಲ್ಲಿ ಇಬ್ಬರೂ ಒಪ್ಪಿದರು’ ಎಂದರೆ ಬಹಳವೆನಿಸುತ್ತದೆ. ಆದರೆ ಇಬ್ಬರೂ 100ರಲ್ಲಿ 90 ಮಕ್ಕಳನ್ನು ಸಹಜವೆಂದು ಹೇಳುವವರಾದರೆ, ಕಣ್ಣು ಮುಚ್ಚಿಕೊಂಡು ಹೇಳಿದರೂ 82 ಮಕ್ಕಳ ವಿಷಯದಲ್ಲಿ ಅವರ ಮಾತು ತಾನಾಗಿ ಕೂಡುತ್ತದೆ. ಆಕಸ್ಮಿಕವನ್ನು ಕಳೆದು ಉಳಿದ 18ರಲ್ಲಿ ಅವರು ನಿಜವಾಗಿ ಗಳಿಸಿದ ಒಮ್ಮತ 8 ಮಾತ್ರ. 8ನ್ನು 18ರಿಂದ ಭಾಗಿಸಿದರೆ ಬರುವ 0.44 ಎಂಬ ಅಂಕಿಗೆ ‘ಕಪ್ಪಾ’ ಎಂದು ಹೆಸರು. ಇದನ್ನು ಜೇಕಬ್ ಕೊಹೆನ್ ಅವರು 1960ರಲ್ಲಿ ಸೂಚಿಸಿದರು. ಇದು ಸಾಧಾರಣ ಮಟ್ಟದ ಒಮ್ಮತವಷ್ಟೆ. ಒಳ್ಳೆಯ ವರದಿಯು ಈ ಅಂಕಿಯನ್ನು ಮರೆಮಾಚುವುದಿಲ್ಲ.

ಸರಾಸರಿಯು ಮರೆಸುವ ಸಂಗತಿ

ಹುಳುಕುಹಲ್ಲಿನ ಲೆಕ್ಕಕ್ಕೆ ಬೇರೊಂದು ಅಳತೆಯಿದೆ. ಒಬ್ಬನ ಬಾಯಿಯಲ್ಲಿ ಹುಳುಕಾದ ಹಲ್ಲುಗಳು, ಹುಳುಕಿನಿಂದಾಗಿ ಕಿತ್ತುಹಾಕಿದ ಹಲ್ಲುಗಳು, ತುಂಬಿಸಿದ ಹಲ್ಲುಗಳು, ಈ ಮೂರನ್ನೂ ಕೂಡಿಸಿದರೆ ಬರುವುದೇ ಡಿ.ಎಂ.ಎಫ್.ಟಿ. ಎಂಬ ಅಂಕಿ. ಜಗತ್ತಿನ ಎಲ್ಲೆಡೆ ಇದರ ಸರಾಸರಿಯನ್ನು ಪ್ರಕಟಿಸುತ್ತಾರೆ.

ಹನ್ನೆರಡು ಮಕ್ಕಳ ಒಂದು ತರಗತಿಯನ್ನು ಕಲ್ಪಿಸಿಕೊಳ್ಳೋಣ. ಎಂಟು ಮಕ್ಕಳಿಗೆ ಹುಳುಕೇ ಇಲ್ಲ. ಉಳಿದ ನಾಲ್ವರಿಗೆ ಕ್ರಮವಾಗಿ 4, 5, 6, 9 ಹಲ್ಲುಗಳು ಕೆಟ್ಟಿವೆ. ಒಟ್ಟು 24, ಸರಾಸರಿ 2. ಆದರೆ ಆ ತರಗತಿಯಲ್ಲಿ ಎರಡು ಹಲ್ಲು ಕೆಟ್ಟ ಮಗು ಒಂದೂ ಇಲ್ಲ! ಮಕ್ಕಳನ್ನು ಏರಿಕೆಯ ಕ್ರಮದಲ್ಲಿ ನಿಲ್ಲಿಸಿ ನಡುವಿನವರನ್ನು ನೋಡಿದರೆ ದೊರೆಯುವ ಮಧ್ಯಾಂಕವು 0. ನೋವಿನ ಭಾರವನ್ನೆಲ್ಲ ನಾಲ್ವರೇ ಹೊತ್ತಿದ್ದಾರೆ. ಈ ಕಾರಣದಿಂದ ಡಗ್ಲಸ್ ಬ್ರಾಥಾಲ್ ಎಂಬ ದಂತವಿಜ್ಞಾನಿಯು 2000ದಲ್ಲಿ ಹೊಸದೊಂದು ಸೂಚ್ಯಂಕವನ್ನು ಸೂಚಿಸಿದರು: ಅತಿ ಹೆಚ್ಚು ಹುಳುಕುಳ್ಳ ಮೂರನೆಯ ಒಂದು ಭಾಗದ ಮಕ್ಕಳ ಸರಾಸರಿಯನ್ನು ಪ್ರತ್ಯೇಕವಾಗಿ ಕೊಡಬೇಕು. ನಮ್ಮ ತರಗತಿಯಲ್ಲಿ ಅದು 24ನ್ನು 4ರಿಂದ ಭಾಗಿಸಿದಾಗ ಬರುವ 6. ‘ಸರಾಸರಿ 2’ ಎಂದು ಬರೆದಾಗ ಕಾಣದ ಮಕ್ಕಳು ‘6’ ಎಂದು ಬರೆದಾಗ ಕಾಣುತ್ತಾರೆ.

ಸರಾಸರಿಯ ಪಕ್ಕದಲ್ಲಿ ± ಎಂಬ ಗುರುತನ್ನು ಹಾಕಿ ಇನ್ನೊಂದು ಅಂಕಿಯನ್ನು ಬರೆಯುವುದು ರೂಢಿ. ಆ ಎರಡನೆಯ ಅಂಕಿ ಯಾವುದು? ಮಕ್ಕಳು ಸರಾಸರಿಯಿಂದ ಎಷ್ಟು ದೂರದೂರ ಹರಡಿದ್ದಾರೆಂಬುದನ್ನು ತಿಳಿಸುವುದು ಮಾನಕ ವಿಚಲನೆ. ನಮ್ಮ ತರಗತಿಯಲ್ಲಿ ಅದು 3.2. ಸರಾಸರಿಯನ್ನು ನಾವು ಎಷ್ಟು ನಿಖರವಾಗಿ ಅಂದಾಜು ಮಾಡಿದ್ದೇವೆಂಬುದನ್ನು ತಿಳಿಸುವುದು ಮಾನಕ ದೋಷ. ವಿಚಲನೆಯನ್ನು ಮಕ್ಕಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದರೆ ಅದು ದೊರೆಯುತ್ತದೆ, ಇಲ್ಲಿ 0.9. ‘2.0 ± 3.2’ ಮತ್ತು ‘2.0 ± 0.9’ ಎರಡೂ ಒಂದೇ ತರಗತಿಯ ವರ್ಣನೆಗಳು. ಎರಡನೆಯದು ಅಚ್ಚುಕಟ್ಟಾಗಿ ಕಾಣುವುದರಿಂದ ಅದನ್ನೇ ಬರೆದು, ಅದು ಯಾವ ಅಂಕಿಯೆಂಬುದನ್ನು ಹೇಳದೆ ಬಿಡುವವರುಂಟು. ಓದುಗನು ಅದನ್ನು ವಿಚಲನೆಯೆಂದು ಭಾವಿಸಿ, ಎಲ್ಲ ಮಕ್ಕಳೂ ಹೆಚ್ಚು ಕಡಿಮೆ ಒಂದೇ ರೀತಿಯಿದ್ದಾರೆಂದು ತಿಳಿಯುತ್ತಾನೆ. ಮೊದಲನೆಯದರಲ್ಲಿಯೂ ಒಂದು ಸೂಚನೆಯಿದೆ: 2ರಿಂದ 3.2ನ್ನು ಕಳೆದರೆ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಸೊನ್ನೆಗಿಂತ ಕಡಿಮೆ ಹಲ್ಲು ಯಾರಿಗೂ ಹುಳುಕಾಗುವುದಿಲ್ಲ. ವಿಚಲನೆಯು ಸರಾಸರಿಗಿಂತ ದೊಡ್ಡದಾಗಿರುವುದನ್ನು ಕಂಡೊಡನೆ, ಅಂಕಿಗಳು ಒಂದೇ ಕಡೆಗೆ ವಾಲಿವೆಯೆಂದೂ ಇಲ್ಲಿ ಮಧ್ಯಾಂಕವನ್ನು ಕೇಳಬೇಕೆಂದೂ ಜಾಣ ಓದುಗನು ಅರಿಯುತ್ತಾನೆ.

ಇಪ್ಪತ್ತು ಮಕ್ಕಳು, ಇನ್ನೂರು ಮಕ್ಕಳು

ಈಗ ಅತ್ಯಂತ ಮುಖ್ಯವಾದ ಬಲೆಗೆ ಬರೋಣ. ಮೂಡಣ ಹಳ್ಳಿಯ ಕೊಳವೆಬಾವಿಯಲ್ಲಿ ಫ್ಲೋರೈಡ್ ಹೆಚ್ಚು, ಪಡುವಣ ಹಳ್ಳಿಯದರಲ್ಲಿ ಕಡಿಮೆ. ವೈದ್ಯರೊಬ್ಬರು ಎರಡೂ ಕಡೆ ಇಪ್ಪತ್ತಿಪ್ಪತ್ತು ಮಕ್ಕಳನ್ನು ಪರೀಕ್ಷಿಸುತ್ತಾರೆ. ಮೂಡಣದಲ್ಲಿ 8 ಮಕ್ಕಳಿಗೆ, ಎಂದರೆ ಶೇಕಡ 40ರಷ್ಟು ಮಂದಿಗೆ ಕಲೆಗಳಿವೆ. ಪಡುವಣದಲ್ಲಿ 4 ಮಕ್ಕಳಿಗೆ, ಎಂದರೆ ಶೇಕಡ 20ರಷ್ಟು ಮಂದಿಗೆ. ಒಂದು ಕಡೆ ಇನ್ನೊಂದರ ಎರಡರಷ್ಟು!

ಆದರೆ ಇಪ್ಪತ್ತೇ ಮಕ್ಕಳನ್ನು ಆರಿಸಿದಾಗ ಆಕಸ್ಮಿಕವಾಗಿಯೂ ಇಂತಹ ಅಂತರವು ಬರಬಹುದಷ್ಟೆ. ಎಷ್ಟು ಸುಲಭವಾಗಿ ಬರಬಹುದು ಎಂಬುದನ್ನು ಅಳೆಯುವುದೇ ‘ಪಿ ಬೆಲೆ’. ಎರಡು ಹಳ್ಳಿಗಳಿಗೂ ನಿಜವಾಗಿ ಭೇದವೇ ಇಲ್ಲವೆಂದು ಭಾವಿಸಿಕೊಂಡರೆ, ಇಷ್ಟು ಅಥವಾ ಇದಕ್ಕೂ ಮಿಗಿಲಾದ ಅಂತರವು ಆಯ್ಕೆಯ ಆಕಸ್ಮಿಕದಿಂದ ಮಾತ್ರವೇ ಕಾಣಿಸಿಕೊಳ್ಳುವ ಸಂಭಾವ್ಯತೆ ಅದು. ರೊನಾಲ್ಡ್ ಫಿಷರ್ ಅವರು 1925ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಪ್ಪತ್ತರಲ್ಲಿ ಒಂದನ್ನು, ಎಂದರೆ 0.05ನ್ನು, ಅನುಕೂಲವಾದ ಗಡಿಯೆಂದು ಸೂಚಿಸಿದ್ದರು. ಅದಕ್ಕಿಂತ ಕಡಿಮೆಯಾದರೆ ‘ಗಣನೀಯ’, ಹೆಚ್ಚಾದರೆ ‘ಗಣನೀಯವಲ್ಲ’ ಎಂದು ಬರೆಯುವುದು ಬರಬರುತ್ತ ಶಾಸ್ತ್ರವಾಕ್ಯದಂತಾಯಿತು.

ನಮ್ಮ ಲೆಕ್ಕದಲ್ಲಿ ಪಿ ಬೆಲೆಯು ಸುಮಾರು 0.17. ಇದು ಗಡಿಯ ಆಚೆಗಿದೆ. ವೈದ್ಯರು ‘ಎರಡು ಹಳ್ಳಿಗಳ ನಡುವೆ ಗಣನೀಯ ಅಂತರವಿಲ್ಲ’ ಎಂದು ಬರೆಯುತ್ತಾರೆ. ಅದನ್ನು ಸಂಕ್ಷೇಪಿಸುವ ಗುಮಾಸ್ತರು ‘ಅಂತರವಿಲ್ಲ’ ಎನ್ನುತ್ತಾರೆ. ಅದನ್ನು ಓದಿದ ಅಧಿಕಾರಿಗಳು ‘ಮೂಡಣ ಹಳ್ಳಿಯ ನೀರಿನಿಂದ ಅಪಾಯವಿಲ್ಲ’ ಎಂದು ತಿಳಿಯುತ್ತಾರೆ. ಮೂರು ವಾಕ್ಯಗಳು ಒಂದರಿಂದೊಂದು ಹುಟ್ಟಿದಂತೆ ಕಂಡರೂ ಅವುಗಳ ಅರ್ಥವು ಒಂದೇ ಅಲ್ಲ. ಮೊದಲನೆಯ ವಾಕ್ಯದ ತಿರುಳು ಇಷ್ಟೆ: ಇಪ್ಪತ್ತಿಪ್ಪತ್ತು ಮಕ್ಕಳನ್ನು ನೋಡಿ ಏನನ್ನೂ ತೀರ್ಮಾನಿಸಲು ಆಗಲಿಲ್ಲ. ಮೂರನೆಯ ವಾಕ್ಯದಿಂದ ಮೂಡಣ ಹಳ್ಳಿಯ ಎಳೆಯ ಮಕ್ಕಳು ಅದೇ ನೀರನ್ನು ಕುಡಿಯುತ್ತ ಹೋಗುತ್ತಾರೆ; ಅವರ ಹಲ್ಲುಗಳ ಕವಚವು ಕೆಡುತ್ತ ಹೋಗುತ್ತದೆ. ಒಮ್ಮೆ ಕೆಟ್ಟ ಕವಚವನ್ನು ದೇಹವು ಮತ್ತೆ ಕಟ್ಟಲಾರದು.

ಈಗ ಎರಡೂ ಹಳ್ಳಿಗಳಲ್ಲಿ ಇನ್ನೂರಿನ್ನೂರು ಮಕ್ಕಳನ್ನು ನೋಡಿದರೆಂದೂ, ಶೇಕಡಾವಾರು ಅಂಕಿಗಳು ಮೊದಲಿನಷ್ಟೇ ಬಂದುವೆಂದೂ ಇಟ್ಟುಕೊಳ್ಳೋಣ: 80 ಮತ್ತು 40. ಈ ಬಾರಿ ಪಿ ಬೆಲೆಯು 0.001ಕ್ಕಿಂತ ಬಹಳ ಕಡಿಮೆ. ಶೇಕಡ 20ರ ಅಂತರವು ಹಾಗೆಯೇ ಇದೆ. ಹೆಚ್ಚಿದ್ದು ನಮ್ಮ ತಿಳಿವು.

ಹಾಗಾದರೆ ಮೊದಲಿನ ವರದಿಯನ್ನು ಹೇಗೆ ಬರೆಯಬೇಕಾಗಿತ್ತು? ಇದಕ್ಕೆ ‘ವಿಶ್ವಾಸ ವ್ಯಾಪ್ತಿ’ ಎಂಬ ಸಾಧನವಿದೆ. ಇದರ ಸಿದ್ಧಾಂತವನ್ನು ಜೆರ್ಜಿ ನೇಮನ್ ಅವರು 1937ರಲ್ಲಿ ವಿವರವಾಗಿ ಮಂಡಿಸಿದರು. ಅಂತರದ ಮಾನಕ ದೋಷವನ್ನು ಲೆಕ್ಕಹಾಕಿ, ಸುಮಾರು ಅದರ ಎರಡರಷ್ಟನ್ನು ಅಂತರಕ್ಕೆ ಕೂಡಿಸಿ ಮತ್ತು ಕಳೆದು ಎರಡು ಎಲ್ಲೆಗಳನ್ನು ಗುರುತಿಸುತ್ತಾರೆ. ಮತ್ತೆ ಮತ್ತೆ ಮಾದರಿಗಳನ್ನು ಆರಿಸಿ ಹೀಗೆಯೇ ಎಲ್ಲೆಗಳನ್ನು ಗುರುತಿಸುತ್ತ ಹೋದರೆ, 100ರಲ್ಲಿ ಸುಮಾರು 95 ಸಲ ನಿಜವಾದ ಅಂತರವು ಆ ಎಲ್ಲೆಗಳೊಳಗೆ ಇರುತ್ತದೆ. ಇಪ್ಪತ್ತಿಪ್ಪತ್ತು ಮಕ್ಕಳಲ್ಲಿ ಈ ವ್ಯಾಪ್ತಿಯು ಶೇಕಡ -8ರಿಂದ +48ರವರೆಗೆ ಹರಡುತ್ತದೆ. ಇನ್ನೂರಿನ್ನೂರು ಮಕ್ಕಳಲ್ಲಿ ಅದು 11ರಿಂದ 29ಕ್ಕೆ ಕಿರಿದಾಗುತ್ತದೆ. ‘ಅಂತರ ಶೇಕಡ 20; ವಿಶ್ವಾಸ ವ್ಯಾಪ್ತಿ -8ರಿಂದ 48; ಪಿ = 0.17’ ಎಂದು ಬರೆದಿದ್ದರೆ, ಓದಿದ ಯಾವ ಅಧಿಕಾರಿಯೂ ನಿಶ್ಚಿಂತನಾಗುತ್ತಿರಲಿಲ್ಲ. ಅಂತರವೇ ಇಲ್ಲದಿರಬಹುದು, ಸುಮಾರು ಅರ್ಧದಷ್ಟು ಮಕ್ಕಳ ಅಂತರವೂ ಇರಬಹುದು; ಇನ್ನಷ್ಟು ಮಕ್ಕಳನ್ನು ಪರೀಕ್ಷಿಸದೆ ಕಡತವನ್ನು ಮುಚ್ಚಕೂಡದು ಎಂಬುದು ಆ ಸಾಲಿನಲ್ಲಿಯೇ ಸ್ಪಷ್ಟವಾಗುತ್ತಿತ್ತು.

ಗಣನೀಯವಾದರೂ ಅಲ್ಪ

ಇದರ ತಿರುವುಮುರುವು ಸಂಗತಿಯೂ ಉಂಟು. ಹೊಸ ದಂತಮಂಜನವೊಂದನ್ನು 5,000 ಮಕ್ಕಳಿಗೂ ಹಳೆಯದನ್ನು ಇನ್ನೂ 5,000 ಮಕ್ಕಳಿಗೂ ಕೊಟ್ಟು ನೋಡಿದರೆಂದು ಭಾವಿಸೋಣ. ಕೊನೆಯಲ್ಲಿ ಹುಳುಕುಹಲ್ಲಿನ ಸರಾಸರಿಯು ಹೊಸದರಲ್ಲಿ 1.9, ಹಳೆಯದರಲ್ಲಿ 2.0, ವಿಚಲನೆ ಎರಡರಲ್ಲಿಯೂ 2. ಲೆಕ್ಕ ಮಾಡಿದರೆ ಪಿ ಬೆಲೆಯು ಸುಮಾರು 0.01. ಇದು ‘ಗಣನೀಯ’ವೇ ಸರಿ! ಆದರೆ ಅಂತರವೆಷ್ಟು? ಹತ್ತು ಮಕ್ಕಳಿಗೆ ಒಂದು ಹಲ್ಲು. ಮಂಜನದ ಬೆಲೆ ದುಬಾರಿಯಾಗಿದ್ದರೆ ಬಡವನು ಅದನ್ನು ಕೊಳ್ಳಬೇಕೇ ಎಂಬ ಪ್ರಶ್ನೆಗೆ ಪಿ ಬೆಲೆಯು ಉತ್ತರವನ್ನು ಕೊಡಲಾರದು. ಅಂತರದ ಗಾತ್ರವೇ ಅದಕ್ಕೆ ಉತ್ತರ ಕೊಡಬೇಕು. ಜಾಹೀರಾತುಗಳಲ್ಲಿ ಕಾಣುವ ‘ಶೇಕಡ 40ರಷ್ಟು ಇಳಿಕೆ’ ಎಂಬ ಮಾತನ್ನೂ ಹೀಗೆಯೇ ವಿಚಾರಿಸಬೇಕು. 100 ಮಕ್ಕಳಲ್ಲಿ 5 ಮಂದಿಗಿದ್ದ ತೊಂದರೆಯು 3 ಮಂದಿಗೆ ಇಳಿದರೂ ಶೇಕಡ 40ರ ಇಳಿಕೆಯೇ. 50 ಮಂದಿಯಿಂದ 30ಕ್ಕೆ ಇಳಿದರೂ ಅಷ್ಟೇ.

ಒಂದೇ ಅಧ್ಯಯನದಲ್ಲಿ ಇಪ್ಪತ್ತು ಬಗೆಯ ಹೋಲಿಕೆಗಳನ್ನು ಮಾಡಿ, ಗಡಿಯನ್ನು ದಾಟಿದ ಒಂದನ್ನು ಮಾತ್ರ ಪ್ರಕಟಿಸುವುದು ಇನ್ನೊಂದು ದೋಷ. ಯಾವ ಭೇದವೂ ಇಲ್ಲದ ಕಡೆಯಲ್ಲಿಯೂ, ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಹೋಲಿಕೆಗಳಲ್ಲಿ ಒಂದಾದರೂ ‘ಗಣನೀಯ’ವಾಗಿ ಕಾಣುವ ಸಂಭಾವ್ಯತೆ 100ಕ್ಕೆ 64. ಎಷ್ಟು ಹೋಲಿಕೆಗಳನ್ನು ಮಾಡಲಾಯಿತೆಂಬುದನ್ನು ಅದಕ್ಕೇ ಹೇಳಬೇಕು. ಪಿ ಬೆಲೆಯೊಂದರಿಂದಲೇ ವೈಜ್ಞಾನಿಕ ತೀರ್ಮಾನಗಳನ್ನು ಮಾಡಕೂಡದೆಂದು ಅಮೆರಿಕದ ಸಂಖ್ಯಾಶಾಸ್ತ್ರ ಸಂಘವು 2016ರಲ್ಲಿ ಬಹಿರಂಗ ಹೇಳಿಕೆಯನ್ನು ಹೊರಡಿಸಿತು. ಕಂಪ್ಯೂಟರು ಕೆಲವು ಸಲ ‘ಪಿ = 0.000’ ಎಂದು ಅಚ್ಚುಹಾಕುವುದುಂಟು. ಯಾವ ಸಂಭಾವ್ಯತೆಯೂ ಹೀಗೆ ಸೊನ್ನೆಯಾಗುವುದಿಲ್ಲ, ಅದನ್ನು ‘0.001ಕ್ಕಿಂತ ಕಡಿಮೆ’ ಎಂದು ಬರೆಯಬೇಕು.

ಒಂದು ಬಾಯಿ, ಇಪ್ಪತ್ತೆಂಟು ಹಲ್ಲು

ದಂತಸಂಶೋಧನೆಗೆ ವಿಶೇಷವಾದ ಇನ್ನೊಂದು ತೊಡಕಿದೆ. ಶ್ರೀನಿವಾಸಪುರದ ಮಾವಿನ ತೋಪಿಗೆ ಹೋದವನೊಬ್ಬನು ಒಂದೇ ಮರದ 28 ಹಣ್ಣುಗಳನ್ನು ತಿಂದು, ‘ಈ ಸೀಮೆಯ 28 ಹಣ್ಣುಗಳನ್ನು ಪರೀಕ್ಷಿಸಿದ್ದೇನೆ, ಎಲ್ಲವೂ ಸಿಹಿ’ ಎಂದರೆ ನಾವು ನಗುತ್ತೇವೆ. ಅವನು ಪರೀಕ್ಷಿಸಿದ್ದು ಒಂದು ಮರವನ್ನು. ಬಾಯಿಯೂ ಒಂದು ಮರದಂತೆ. ಒಂದೇ ಬಾಯಿಯ 28 ಹಲ್ಲುಗಳು ಒಂದೇ ಎಂಜಲಿನಲ್ಲಿ ನೆನೆಯುತ್ತವೆ, ಒಂದೇ ಆಹಾರವನ್ನು ಅಗಿಯುತ್ತವೆ, ಒಂದೇ ಬಾವಿಯ ನೀರಿನಿಂದ ಬೆಳೆದಿರುತ್ತವೆ. ಹತ್ತು ಮಕ್ಕಳನ್ನು ನೋಡಿ ‘280 ಹಲ್ಲುಗಳನ್ನು ಪರೀಕ್ಷಿಸಲಾಯಿತು’ ಎಂದು ಬರೆದು, ಆ 280ನ್ನೇ ಸೂತ್ರದಲ್ಲಿ ಇಟ್ಟರೆ ಮಾನಕ ದೋಷವು ಕೃತಕವಾಗಿ ಕುಗ್ಗುತ್ತದೆ. ಇಲ್ಲದ ಅಂತರವೂ ಗಣನೀಯವಾಗಿ ಕಾಣುತ್ತದೆ.

ಇದನ್ನು ಸರಿಪಡಿಸಲು ಸೂತ್ರವಿದೆ. ಒಂದು ಬಾಯಿಯ ಹಲ್ಲುಗಳು ಒಂದನ್ನೊಂದು ಹೋಲುವ ಪ್ರಮಾಣವನ್ನು 0 ಮತ್ತು 1ರ ನಡುವಿನ ಒಂದು ಅಂಕಿಯಿಂದ ಸೂಚಿಸುತ್ತಾರೆ. ಅದು 0.2 ಆಗಿದ್ದರೆ, 27ನ್ನು 0.2ರಿಂದ ಗುಣಿಸಿ 1ನ್ನು ಕೂಡಿಸಬೇಕು, ದೊರೆಯುವುದು 6.4. 280ನ್ನು ಇದರಿಂದ ಭಾಗಿಸಿದರೆ ಸುಮಾರು 44. ಎಂದರೆ 280 ಹಲ್ಲುಗಳು ತಿಳಿವಳಿಕೆಯ ದೃಷ್ಟಿಯಿಂದ 44 ಸ್ವತಂತ್ರ ಹಲ್ಲುಗಳಿಗೆ ಮಾತ್ರ ಸಮ. ಈ ವಿಚಾರವು ಊರಿಗೂ ಅನ್ವಯಿಸುತ್ತದೆ. ಮೂಡಣ ಹಳ್ಳಿಯ ಇನ್ನೂರು ಮಕ್ಕಳು ಕುಡಿದದ್ದು ಒಂದೇ ಬಾವಿಯ ನೀರನ್ನು. ಎರಡು ಹಳ್ಳಿಗಳ ಅಂತರವು ನಿಜವೆಂದು ತಿಳಿದ ಮೇಲೂ, ಅದಕ್ಕೆ ಫ್ಲೋರೈಡೇ ಕಾರಣವೆಂದು ಹೇಳಬೇಕಾದರೆ ಎರಡು ಬಾವಿಗಳು ಸಾಲವು. ಡೀನ್ ಅವರು 21 ನಗರಗಳನ್ನು ಆರಿಸಿಕೊಂಡದ್ದರ ಮಹತ್ವವು ಇಲ್ಲಿ ಅರ್ಥವಾಗುತ್ತದೆ.

ವರದಿಯು ಹೇಗಿರಬೇಕು?

ಇಂತಹ ಲೋಪಗಳನ್ನು ತಡೆಯಲು ವಿಜ್ಞಾನಿಗಳು ಸೇರಿ ನಿಯಮಾವಳಿಗಳನ್ನು ರಚಿಸಿದ್ದಾರೆ. ಚಿಕಿತ್ಸೆಗಳ ಪ್ರಯೋಗಗಳಿಗಾಗಿ ‘ಕನ್ಸಾರ್ಟ್’ ಎಂಬುದು 1996ರಲ್ಲಿಯೂ, ಫ್ಲೋರೋಸಿಸ್ ಸಮೀಕ್ಷೆಯಂತಹ ಅವಲೋಕನಗಳಿಗಾಗಿ ‘ಸ್ಟ್ರೋಬ್’ ಎಂಬುದು 2007ರಲ್ಲಿಯೂ ಪ್ರಕಟವಾದುವು. ಇವುಗಳ ಸಾರವು ಸರಳ: ಯಾರನ್ನು, ಹೇಗೆ ಆರಿಸಿದಿರಿ? ಎಷ್ಟು ಮಂದಿ ಬಿಟ್ಟುಹೋದರು? ಯಾವ ಅಳತೆಯಿಂದ ಅಳೆದಿರಿ? ಅಂತರವೆಷ್ಟು, ಅದರ ವ್ಯಾಪ್ತಿಯೆಷ್ಟು? ಬೇರೆ ಕಾರಣಗಳನ್ನು ಹೇಗೆ ವಿಚಾರಿಸಿದಿರಿ?

ಈ ಶಾಸ್ತ್ರವು ಪರದೇಶದ ಸರಕೆಂದು ನಮ್ಮ ವಿದ್ಯಾರ್ಥಿಗಳು ಹಿಂಜರಿಯಬೇಕಾಗಿಲ್ಲ. ಪ್ರಶಾಂತಚಂದ್ರ ಮಹಾಲನೊಬಿಸ್ ಅವರು 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದರು. ಅಲ್ಲಿ ಬೆಳಗಿದ ಸಿ. ಆರ್. ರಾವ್ ಅವರು 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ. ಅಂದಾಜಿನ ನಿಖರತೆಗೆ ಎಲ್ಲೆಯೆಷ್ಟು ಎಂಬುದನ್ನು ಕುರಿತು 1945ರಲ್ಲಿ ಅವರು ಬರೆದ ಪ್ರಬಂಧವು ಇಂದಿಗೂ ಜಗತ್ತಿನ ಪಾಠಪುಸ್ತಕಗಳಲ್ಲಿ ಅವರ ಹೆಸರಿನಿಂದಲೇ ಬಳಕೆಯಲ್ಲಿದೆ.

ಶಾಲೆಯ ಅಂಗಳಕ್ಕೆ ದಂತವೈದ್ಯರು ಬಂದು ಬಾಯಿ ತೆರೆಯಿರೆಂದು ಹೇಳಿದಾಗ, ಬಾಯಿ ತೆರೆಯುವ ಪ್ರತಿಯೊಂದು ಮಗುವೂ ಒಂದು ಅಂಕಿಯಾಗಿ ಪಟ್ಟಿಯನ್ನು ಸೇರುತ್ತದೆ. ಆ ಅಂಕಿಯು ಯಾರಿಂದ ಬಂತು, ಯಾವ ಅಳತೆಯಿಂದ ಬಂತು, ಎಷ್ಟರಮಟ್ಟಿಗೆ ನಂಬತಕ್ಕದ್ದು, ಈ ಮೂರನ್ನೂ ಹೇಳಿದ ವರದಿಯು ಆ ಮಗುವಿಗೆ ನ್ಯಾಯವನ್ನು ಸಲ್ಲಿಸುತ್ತದೆ. ಇವನ್ನು ಹೇಳದ ವರದಿಯು ಕೈಗೆ ಬಂದಾಗ ಕೇಳಿ ತಿಳಿಯುವುದು ಓದುಗರ ಹೊಣೆ. ಕೇಳಲು ಬೇಕಾದದ್ದು ಪ್ರೌಢಶಾಲೆಯಲ್ಲಿ ಕಲಿತ ಸರಾಸರಿ, ಶೇಕಡ, ವರ್ಗಮೂಲಗಳ ಜ್ಞಾನ, ಅದರೊಡನೆ ‘ಎಷ್ಟು ಮಂದಿಯಲ್ಲಿ?’ ಎಂದು ಕೇಳುವ ಧೈರ್ಯ.